ಏಳರ ಗಾಳಿಪಟ

ಆಗಸ್ಟ್ 9, ಭಾನುವಾರ

ಅಕ್ಕಾ,

ಮೊದಲು ಸಾರಿ. ಪತ್ರ ಬರೆಯುತ್ತಿರುವುದಕ್ಕೇ ಸಾರಿ. ಕೈಯಲ್ಲಿ ಫೋನ್ ಇಟ್ಟುಕೊಂಡು ಇದೇನು ವೇಷ ಎಂದು ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ. ಆದರೆ ಫೋನಿನಲ್ಲಿ ನಿನ್ನ ಕಡೆ ಬರೀ ಗಾಳಿ, ನನ್ನ ಕಡೆ ಕಾರಿಡಾರಿನ ಬಕೆಟ್ ಸದ್ದು. ನಡುವೆ ನಾವಿಬ್ಬರೂ "ಹಾಂ? ಏನಂದೆ?" ಎಂದು ಹತ್ತು ನಿಮಿಷ ಕಿರುಚಿ ಇಟ್ಟುಬಿಡುತ್ತೇವೆ. ಸ್ಕೂಲ್ ಹಾಸ್ಟೆಲಿನಲ್ಲಿ ಎಂಟು ವರ್ಷ, ಪ್ರತಿ ಭಾನುವಾರ ನಿನಗೆ ಪತ್ರ ಬರೆದು ಪಳಗಿದ ಕೈ ಇದು. ಮಾತಾಡುವಾಗ ನಾನು ತಡವರಿಸುತ್ತೇನೆ, ಬರೆಯುವಾಗ ಪರವಾಗಿಲ್ಲ.

ನಾನು ಚೆನ್ನಾಗಿದ್ದೇನೆ. ರೂಮು ಮೂರನೇ ಮಹಡಿ. ಕಿಟಕಿ ಪೂರ್ತಿ ಮುಚ್ಚುವುದಿಲ್ಲ, ಹಳೇ ನೋಟ್‌ಬುಕ್ಕಿನ ರಟ್ಟು ಸಿಕ್ಕಿಸಿದ್ದೇನೆ. ಕ್ಲಾಸಿನಲ್ಲಿ ಎಲ್ಲರೂ ಪಟಪಟ ಇಂಗ್ಲಿಷ್ ಉದುರಿಸುತ್ತಾರೆ. ನನಗೂ ಬರುತ್ತದೆ, ಆದರೆ ವಾಕ್ಯ ತಲೆಯಲ್ಲಿ ರೆಡಿಯಾಗಿ ಬಾಯಿಗೆ ಬರುವಷ್ಟರಲ್ಲಿ ಟಾಪಿಕ್ ಬದಲಾಗಿರುತ್ತದೆ. ಫ್ರೆಂಡ್ಸ್ ತುಂಬ ಜನ ಆಗಿದ್ದಾರೆ, ಟೆನ್ಷನ್ ಮಾಡಿಕೊಳ್ಳಬೇಡ.

ವಿಷಯಕ್ಕೆ ಬರುತ್ತೇನೆ. ಜೂನ್‌ನಲ್ಲಿ ನನ್ನನ್ನು ಬಸ್ಸು ಹತ್ತಿಸುವಾಗ ಹೇಳಿದ್ದು ನೆನಪಿದೆ ತಾನೆ? "ಮೊದಲನೇ ರಜೆಗೆ ಬೇರೆಲ್ಲೂ ಹೋಗೋ ಹಾಗಿಲ್ಲ, ಕಡ್ಡಿ. ಸೀದಾ ನನ್ನ ಹತ್ರ. ನಿನ್ನನ್ನ ನೀರಿನ ಮೇಲೆ ನಿಲ್ಲಿಸ್ತೀನಿ." ರಜೆ ಅಕ್ಟೋಬರ್ 24ಕ್ಕೆ ಶುರು, ಹತ್ತು ದಿನ. ರೂಮ್‌ಮೇಟಿಗೆ ಹೇಳಿದೆ. "ಗಾಳಿಪಟ ಹಾರಿಸೋಕೆ ಸ್ಕೂಲಾ? ನಾವು ಟೆರೇಸ್ ಮೇಲೆ ಫ್ರೀಯಾಗಿ ಹಾರಿಸ್ತಿದ್ವಲ್ಲೇ!" ಎಂದು ಹಾಸಿಗೆ ಮೇಲೆ ಬಿದ್ದು ನಕ್ಕಳು. ಆಮೇಲೆ ನಾನು ವಿವರಿಸಿದೆ. ಅದು ಕೋಣೆಯಗಲದ ಬಟ್ಟೆಯ ಪಟ, ಅದರ ದಾರಗಳನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿ, ಕಾಲಡಿಗೆ ಒಂದು ಹಲಗೆ ಕೊಟ್ಟು ನೀರಿಗೆ ಬಿಟ್ಟರೆ ಗಾಳಿ ಪಟವನ್ನೆಳೆಯುತ್ತದೆ, ಪಟ ಮನುಷ್ಯನನ್ನೆಳೆಯುತ್ತದೆ, ಅದನ್ನು ಕಲಿಸುವವಳು ನಮ್ಮಕ್ಕ ಎಂದೆ. "ನಿಮ್ಮಕ್ಕನಾ? ಸೀರಿಯಸ್ಲಿ?" ಎಂದಳು. ಆ ವಾರವೆಲ್ಲ ನಾನು ಎರಡಿಂಚು ಎತ್ತರವಾಗಿದ್ದೆ.

ಪಾಠಕ್ಕೆ ಏನೇನು ತರಬೇಕು, ಎಲ್ಲ ಬರೆ. ಬಿಡದೆ ಬರೆ. ನಾನು ಒಂದು ವಸ್ತು ಮರೆತು ಬಂದು ಎಲ್ಲರೆದುರು ನಿಂತಿರುವ ಹಾಗೆ ಈಗಾಗಲೇ ಎರಡು ಸಲ ಕನಸು ಬಿದ್ದಿದೆ. ಕನ್ನಡಕ ಹಾರಿಹೋದರೆ ಏನು ಮಾಡುವುದು? ಶೂ ಬೇಕಾ? ತಿಂದು ಬರಬೇಕಾ, ಖಾಲಿ ಹೊಟ್ಟೆಯಾ?

ನಿನ್ನ ಕೆಂಪು ಸೀಟಿ ನನಗೆ ಕೊಡುತ್ತೇನೆ ಎಂದಿದ್ದೆ. ಸುಮ್ಮನೆ ನೆನಪಿಸಿದೆ.

ನಿನ್ನ
ಕಡ್ಡಿ


ಆಗಸ್ಟ್ 19, ಬುಧವಾರ

ಕಡ್ಡಿ,

ಈ ಅಕ್ಷರ ನೋಡಿ ಗಾಬರಿಯಾಗಬೇಡ. ಹೇಳ್ತಿರೋಳು ನಾನೇ, ಬರೀತಿರೋಳು ಬಾತು. ಸೀಸನ್ ಜೋರಾಗಿದೆ, ಕೈಗೆ ಪುರುಸೊತ್ತಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಬರಿ ಅಂದಿದ್ದೀನಿ, ಅದಕ್ಕೇ ಇದು ಪತ್ರದ ಥರ ಇಲ್ಲ, ಬಾಯಿ ಥರ ಇದೆ.

ಬಾ. ಖಂಡಿತ ಬಾ. 26ನೇ ತಾರೀಕು ಸೋಮವಾರ ಬೆಳಗ್ಗೆ ಎಂಟರ ಪಾಠಕ್ಕೆ ನಿನ್ನ ಹೆಸರು ಹಾಕಿದ್ದೀನಿ.

ಈಜೋ ಬಟ್ಟೆ ತಗೊಂಡು ಬಾ, ಅದರ ಮೇಲೆ ಹಾಕೋಕೆ ಉದ್ದ ತೋಳಿನ ಮೈಗಂಟೋ ಅಂಗಿ. ಸೊಂಟದ ಪಟ್ಟಿ ಉಜ್ಜಿ ಉಜ್ಜಿ ಪಕ್ಕೆ ಕಿತ್ತು ಬರುತ್ತೆ, ಅದಕ್ಕೆ. ಸನ್‌ಸ್ಕ್ರೀನ್ ಮುಖಕ್ಕೆ ಮಾತ್ರ ಅಲ್ಲ, ಕಿವಿ ಹಿಂದೆ, ಪಾದದ ಮೇಲೆ. ಟವೆಲ್ ಎರಡು, ಒಂದು ಮರಳಿಗೆ, ಒಂದು ನಿನಗೆ. ಒಣ ಬಟ್ಟೆ ಒಂದು ಜೊತೆ. ಒಳಬಟ್ಟೆ ಮರೀಬೇಡ, ಎಲ್ಲರೂ ಮರೆಯೋದು ಅದನ್ನೇ. (ನಾನೂ ಮರೆತಿದ್ದೆ. – ಬರೆಯುವವಳು) ಕನ್ನಡಕಕ್ಕೆ ಹಿಂದುಗಡೆ ಕಟ್ಟೋ ಲೇಸು. ನೀರು ಎರಡು ಲೀಟರ್. ತಿಂದೇ ಬಾ, ಆದರೆ ಹೊಟ್ಟೆ ಬಿರಿಯೋ ಹಾಗಲ್ಲ, ಎರಡು ಬಾಳೆಹಣ್ಣು ಸಾಕು. ಕಿವಿಗೆ, ಕೈಗೆ, ಕತ್ತಿಗೆ ಏನೂ ಬೇಡ. ಪಟದ ದಾರ ಉಂಗುರಕ್ಕೆ ಸಿಕ್ಕಿಕೊಂಡ್ರೆ ಉಂಗುರದ ಜೊತೆ ಬೆರಳೂ ಹೋಗುತ್ತೆ. ಉಗುರು ಕತ್ತರಿಸು. ಕೂದಲು ಬಿಗಿಯಾಗಿ ಎರಡು ಜಡೆ.

ಇನ್ನು ಬರೋಕೆ ಮೊದಲೇ ಕಳಿಸಬೇಕಾದ್ದು ಎರಡು. ಒಂದು, ನಿನ್ನ ತೂಕ. ಈ ವಾರದ್ದು, ಹೋದ ವರ್ಷದ್ದಲ್ಲ. ತೂಕ, ಅನುಭವ, ಅವತ್ತಿನ ಗಾಳಿ, ಮೂರೂ ನೋಡಿ ಯಾವ ಪಟ ಅಂತ ಗೊತ್ತು ಮಾಡೋದು. ಎರಡು, ಸೊಂಟದ ಅಳತೆ. ಟೇಪು ಬೇಡ. ಒಂದು ದಾರ ಸುತ್ತಿ, ಅಲ್ಲಿಗೇ ಕತ್ತರಿಸಿ, ಆ ದಾರಾನೇ ಕವರಲ್ಲಿ ಹಾಕು. ಟೇಪನ್ನ ಒಬ್ಬೊಬ್ಬರು ಒಂದೊಂದು ಥರ ಓದ್ತಾರೆ, ದಾರ ಓದೋ ಹಾಗೇ ಇಲ್ಲ ಅಂತ ಬಾತು ಲೆಕ್ಕ. ಇದು ಅವಳ ಪದ್ಧತಿ, ಈಗ ಸ್ಕೂಲಿಗೇ ಇದೇ ಪದ್ಧತಿ.

ಬಾತು ಬಗ್ಗೆ ನಿನಗೆ ಹೇಳಲೇ ಇಲ್ಲ ಅಲ್ವಾ? ಹೋದ ವರ್ಷ ಕಲಿಯೋಕೆ ಬಂದಳು, ಈಗ ಬೆಳಗಿಂದ ಸಂಜೆವರೆಗೂ ನನ್ನ ಜೊತೆ. ಹನ್ನೆರಡು ಚದರ ಮೀಟರಿನ ಪಟ ಹಾರಿಸ್ತಾಳೆ, ನೋಡೋಕೆ ಎರಡು ಕಣ್ಣು ಸಾಲದು. (ಇದನ್ನ ಬರೆಯಲ್ಲ ಅಂದೆ. ಬರಿ ಅಂತ ಅಕ್ಕ ಗದರಿದರು.) ಅವಳಿಲ್ಲದಿದ್ರೆ ಈ ಸೀಸನ್ ನನ್ನ ಕೈಲಿ ಆಗ್ತಿರಲಿಲ್ಲ. ನಿನಗೆ ಏಳು ಮೀಟರಿನದ್ದು ಸಾಕಾಗುತ್ತೆ ಅಂದ್ಕೊಂಡಿದ್ದೀನಿ. ಸೀಟಿ ಈಗ ಅವಳ ಕತ್ತಲ್ಲಿದೆ, ನಿನಗೆ ಬೇರೆ ಹುಡುಕೋಣ.

ಅಕ್ಕ


ಆಗಸ್ಟ್ 27, ಗುರುವಾರ

ಅಕ್ಕನಿಗೆ,

ಲಿಸ್ಟ್ ಸಿಕ್ಕಿತು, ಥ್ಯಾಂಕ್ಸ್. ಬರೆದುಕೊಟ್ಟವರಿಗೂ ಥ್ಯಾಂಕ್ಸ್. ಅಕ್ಷರ ದುಂಡಗಿದೆ. ರೂಮ್‌ಮೇಟ್ ಕವರ್ ನೋಡಿ, "ಎಷ್ಟು ಕ್ಯೂಟಾಗಿದೆ ನಿಮ್ಮಕ್ಕನ ಹ್ಯಾಂಡ್‌ರೈಟಿಂಗ್!" ಎಂದಳು. ನಾನು ಹೂಂ ಎಂದೆ. ಅದು ನಿನ್ನದಲ್ಲ ಎಂದು ಹೇಳುವುದಕ್ಕೆ ನನಗೆ ಒಂಥರಾ ಆಯಿತು.

ನೀನು ಬ್ಯುಸಿ ಎಂದು ಅರ್ಥವಾಗುತ್ತದೆ. ನಿನ್ನ ಅಕ್ಷರ ಹೇಗಿತ್ತು ಎಂದು ಮರೆಯದಿರಲಿ ಎಂದು ಹಳೇ ಪತ್ರವೊಂದನ್ನು ತೆಗೆದು ನೋಡಿದೆ. ಎಂಟನೇ ಕ್ಲಾಸಿನಲ್ಲಿ ನನಗೆ ಜ್ವರ ಬಂದಾಗ ಬಸ್ಸಿನಲ್ಲಿ ನಿಂತುಕೊಂಡೇ ಬರೆದದ್ದು. ಅಕ್ಷರಗಳೆಲ್ಲ ಎಡಕ್ಕೂ ಬಲಕ್ಕೂ ವಾಲಿವೆ. ಆಗಲೂ ನೀನು ಬ್ಯುಸಿಯೇ ಇದ್ದೆ, ಎರಡೆರಡು ಕಡೆ ಕೆಲಸ ಮಾಡುತ್ತಿದ್ದೆ. ಇರಲಿ.

ನಿನ್ನ ಬಾತು ಎಷ್ಟು ವಯಸ್ಸಿನವಳು, ಯಾರ ಮಗಳು ಎಂದೆಲ್ಲ ನಾನು ಕೇಳುವುದಿಲ್ಲ. ನನಗೇನು? ಆದರೂ ಕಣ್ಣ ಮುಂದೆ ಬರುತ್ತಾಳೆ. ನನ್ನ ವಯಸ್ಸಿನವಳೇ, ನನಗಿಂತ ಒಂದು ಗೇಣು ಎತ್ತರ, ಗಾಳಿಗೆ ಕೂದಲು ಕೆದರಿದರೂ ಚೆನ್ನಾಗಿ ಕಾಣುವ ಜಾತಿ. ಬಾತುಕೋಳಿಯ ಹಾಗೆ ನೀರಿನ ಮೇಲೆ ತೇಲಿಕೊಂಡು ಹೋಗುತ್ತಾಳೆ, ಅದಕ್ಕೇ ಆ ಹೆಸರು. ಎಲ್ಲಿ ಹೋದರೂ ಒಂದೇ ದಿನದಲ್ಲಿ ಹತ್ತು ಜನರ ಜೊತೆ ನಗುತ್ತಾ ನಿಂತಿರುವಂಥವಳು. ನಮ್ಮ ಕ್ಲಾಸಿನಲ್ಲೂ ಅಂಥವರು ನಾಲ್ಕೈದು ಜನ ಇದ್ದಾರೆ. ಅವಳು ನಿನ್ನನ್ನು ಅಕ್ಕ ಎಂದು ಬರೆದಿದ್ದಾಳೆ, ಗಮನಿಸಿದೆ. ಟೀಚರನ್ನು ಮೇಡಂ ಎನ್ನುವುದು ಅಲ್ಲಿ ರೂಢಿಯಿಲ್ಲವಾ?

ನನಗೆ ಯಾಕೋ ಸ್ಕೂಲ್ ಹಾಸ್ಟೆಲಿನ ಆ ವಿಸಿಟರ್ ಬೆಂಚು ನೆನಪಾಗುತ್ತಿದೆ. ಅಪ್ಪ ಅಮ್ಮನಿಗೆ ಎರಡು ವರ್ಷಕ್ಕೊಂದು ವರ್ಗಾವಣೆ, ಬರುತ್ತಿದ್ದವಳು ನೀನೊಬ್ಬಳೇ. ತಿಂಗಳ ಎರಡನೇ ಭಾನುವಾರ. ಬ್ಯಾಗಿನಲ್ಲಿ ಬಾಚಣಿಗೆ ಇಟ್ಟುಕೊಂಡೇ ಬರುತ್ತಿದ್ದೆ. ಕಣ್ಣು ಮೇಲಕ್ಕೆ ಎಳೆದುಕೊಳ್ಳುವಷ್ಟು ಬಿಗಿಯಾಗಿ ಎರಡು ಜಡೆ ಹಾಕುತ್ತಿದ್ದೆ. ನಾನು ಅದನ್ನು ಬುಧವಾರದವರೆಗೂ ಬಿಚ್ಚುತ್ತಿರಲಿಲ್ಲ, ವಾರ್ಡನ್ ಬೈದರೂ.

ಕೇಳಿದ ಎರಡು ವಿವರ. ತೂಕ ಐವತ್ತೆಂಟು ಕಿಲೋ. ಸಿಕ್‌ರೂಮಿನ ತಕ್ಕಡಿಯಲ್ಲಿ ನೋಡಿದ್ದು. ಹಾಸ್ಟೆಲ್ ಊಟಕ್ಕೆ ದಪ್ಪಗಾಗಿದ್ದೇನೆ, ಇನ್ನು ಕಡ್ಡಿ ಎಂದು ಕರೆಯುವ ಹಾಗಿಲ್ಲ. ಹಾಗಾಗಿ ಏಳರ ಪಟ ನನಗೆ ಸಾಲುವುದಿಲ್ಲ ಎಂದು ಕಾಣುತ್ತದೆ. ಏಳು ಎಂದರೆ ಏಳನೇ ಕ್ಲಾಸಿನ ಹುಡುಗಿಯನ್ನು ಹಿಂದಿನ ಬೆಂಚಿಗೆ ಕಳಿಸಿದ ಹಾಗೆ ಕೇಳಿಸುತ್ತದೆ. ಹನ್ನೆರಡು ಬೇಡ, ಹತ್ತಾದರೂ ಕೊಡು.

ದಾರ ಕವರಿನಲ್ಲಿದೆ. ಪಾರ್ಸೆಲ್ ಕಟ್ಟುವ ದಾರ, ಬೇರೆ ಸಿಗಲಿಲ್ಲ.

ನಿನ್ನ ತಂಗಿ


ಸೆಪ್ಟೆಂಬರ್ 6, ಭಾನುವಾರ

ಕಡ್ಡಿ,

ದಾರ ಸಿಕ್ತು. ಪತ್ರಾನೂ ಸಿಕ್ತು, ಎರಡು ಸಲ ಓದಿದೆ.

ಒಂದು ಕೆಲಸ ಮಾಡು. ಆ ತಕ್ಕಡಿ ಮೇಲೆ ಇನ್ನೊಂದು ಸಲ ನಿಂತು ನೋಡು. ಚಪ್ಪಲಿ ಬಿಟ್ಟು, ಜೇಬಲ್ಲಿ ಏನೂ ಇಟ್ಕೊಳ್ಳದೆ. ಹಾಸ್ಟೆಲ್ ತಕ್ಕಡಿ ಅಂದ್ರೆ ಕೆಟ್ಟಿರಬಹುದು, ನಿಂದು ತಪ್ಪು ಅಂತ ಅಲ್ಲ. ಬೈತಾ ಇಲ್ಲ, ಕೇಳ್ತಿದ್ದೀನಿ ಅಷ್ಟೇ. ನೋಡಿ ಬರಿ.

ಬಾತು ನನ್ನನ್ನ ಅಕ್ಕ ಅನ್ನೋದು ನಿಜ. ಇಲ್ಲಿ ಪಟ ಹಿಡಿಯೋರೆಲ್ಲ ಅಕ್ಕ ಅನ್ನೋದು, ಚಹಾ ಅಂಗಡಿಯವರೂ ಅಕ್ಕ ಅನ್ನೋದು. ನೀನು ಜಡೆ ಮಾತೆತ್ತಿದ್ಯಲ್ಲ, ಓದಿ ನಗು ಬಂತು. ಈಗ ಬೆಳಗ್ಗೆ ನನ್ನ ಜಡೆ ಬಾತು ಹಾಕೋದು. ಬಿಗಿ ಅಂದ್ರೆ ನನ್ನನ್ನೂ ಮೀರಿಸಿದಳು. ನೀನು ಆ ಬೆಂಚಿನ ಮೇಲೆ ಕೂತು ಅಯ್ಯೋ ಅಮ್ಮಾ ಅಂತಿದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತು.

ಮಿಡ್‌ಟರ್ಮ್ ಯಾವಾಗ? ಓದ್ಕೋ. ಬೇರೆ ಏನೂ ತಲೆಗೆ ಹಚ್ಕೋಬೇಡ.

ಅಕ್ಕ

(ನಿನ್ನ ಸೊಂಟಕ್ಕೆ ಆಗೋ ಪಟ್ಟಿ ಸ್ಕೂಲಲ್ಲಿ ಒಂದೂ ಇಲ್ಲ, ಒಂದನ್ನ ಬಿಚ್ಚಿ ನಿನಗೆ ಅಂತ ಹೊಲೀತಿದ್ದೀನಿ. ಅಂಚಿಗೆ ಯಾವ ಬಣ್ಣ ಹಾಕಲಿ? ಅಕ್ಕನಿಗೆ ಗೊತ್ತಿಲ್ವಂತೆ. – ಬರೆಯುವವಳು)


ಸೆಪ್ಟೆಂಬರ್ 13, ಎರಡನೇ ಭಾನುವಾರ

ಅಕ್ಕ,

ತಕ್ಕಡಿ ಕೆಟ್ಟಿಲ್ಲ. ಐವತ್ತೆಂಟು. ಬೇಕಾದರೆ ವಾರ್ಡನ್ ಹತ್ತಿರ ಸೀಲು ಹಾಕಿಸಿ ಕಳಿಸಲೇ? ಅವಳನ್ನೂ ಹೀಗೇ ಎರಡೆರಡು ಸಲ ತೂಗುತ್ತೀಯಾ, ಇಲ್ಲಾ ಅವಳು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತೀಯಾ?

ನನಗೆ ಹಸಿರು ಇಷ್ಟ ಎಂದು ನಿನಗೆ ಗೊತ್ತಿಲ್ಲವಂತೆ! ನನ್ನ ಮೊದಲನೇ ಸ್ವೆಟರು, ನನ್ನ ಟಿಫಿನ್ ಡಬ್ಬಿ, ನೀನೇ ತಂದ ಛತ್ರಿ. ಹದಿನೆಂಟು ವರ್ಷ ನನ್ನ ಜೊತೆ ಇದ್ದವಳಿಗೆ ಅದು ಗೊತ್ತಿಲ್ಲ. ಒಂದು ವರ್ಷದಿಂದ ಬಂದವಳು ಪತ್ರದ ಬುಡದಲ್ಲಿ ಕೂತು ನನ್ನನ್ನು ವಿಚಾರಿಸುತ್ತಾಳೆ. ನಿನ್ನ ಜಡೆಯೂ ಅವಳ ಕೈಯಲ್ಲಿ. ಅದನ್ನು ನೀನು ನಗುತ್ತಾ ಹೇಳುತ್ತೀಯ, ಅವಳು ನಗುತ್ತಾ ಬರೆಯುತ್ತಾಳೆ. ಇಬ್ಬರೂ ಸೇರಿ ಓದಿ ನಕ್ಕಿರಬೇಕು. ನಾನು ಆ ಬೆಂಚಿನ ವಿಷಯ ನಿನಗೊಬ್ಬಳಿಗೇ ಎಂದು ಬರೆದದ್ದು. ಅದನ್ನು ಮೂರನೆಯವಳ ಕೈಯಲ್ಲಿ ಬರೆಸಿ ವಾಪಸ್ ಕಳಿಸಿದ್ದೀಯ.

ನಿಜ ಹೇಳಲಾ? ನಿನ್ನ ಪತ್ರ ಬಂದ ದಿನ ನಾನು ಮೆಸ್ಸಿಗೆ ಹೋಗಲಿಲ್ಲ. ಲೈಬ್ರರಿ ಮೆಟ್ಟಿಲ ಮೇಲೆ ಕೂತು ಆ ದುಂಡಗಿನ ಅಕ್ಷರ ನೋಡುತ್ತಿದ್ದೆ. ಒಂದು ಕಡೆಯೂ ಶಾಯಿ ಹರಡಿಲ್ಲ, ಒಂದು ಕಡೆಯೂ ಕಾಟು ಹೊಡೆದಿಲ್ಲ. ಅಷ್ಟು ಅಚ್ಚುಕಟ್ಟಾದವಳ ಜೊತೆ ಇದ್ದರೆ ನನ್ನಂಥ ತಡವರಿಸುವವಳು ಯಾರಿಗೆ ಬೇಕು? ಅವಳು ಹನ್ನೆರಡರ ಪಟ ಹಿಡಿದು ಹಾರಲಿ. ಸೀಟಿ ಊದಲಿ. ನಿನ್ನ ಭಾನುವಾರಗಳನ್ನೂ ಇಟ್ಟುಕೊಳ್ಳಲಿ. ನನಗೇನೂ ಬೇಜಾರಿಲ್ಲ.

ಪಟ್ಟಿ ಅವಳು ಹೊಲಿಯುವುದು ಬೇಡ. ಸ್ಕೂಲಿನದ್ದೇ ಯಾವುದಾದರೂ ಕಟ್ಟಿಕೊಳ್ಳುತ್ತೇನೆ.

ಮತ್ತೆ ಒಂದು. ನಿನ್ನ ಕೈಯಲ್ಲಿ ಎರಡು ಸಾಲು ಬರೆಯುವುದಕ್ಕೆ ಆಗದಿದ್ದರೆ ಬರೆಯಲೇಬೇಡ. ಬಾಡಿಗೆ ಅಕ್ಷರ ನನಗೆ ಬೇಕಾಗಿಲ್ಲ.


ಅಕ್ಟೋಬರ್ 4, ಭಾನುವಾರ

ಅಕ್ಕಾ,

ಮೂರು ವಾರವಾಯಿತು. ಬರೆಯಬೇಡ ಎಂದಿದ್ದಕ್ಕೆ ನಿಜವಾಗಿಯೂ ಬರೆಯದೇ ಇದ್ದುಬಿಡುತ್ತಾರಾ?

ಗುರುವಾರ ಫೋನ್ ಮಾಡಿದೆ. ಗಾಳಿಯ ಮಧ್ಯೆ "ಹಲೋ" ಎಂದಿದ್ದು ನೀನಲ್ಲ ಎಂದು ಗೊತ್ತಾಯಿತು, ಇಟ್ಟುಬಿಟ್ಟೆ. ಆಮೇಲೆ ನೀನು ಮಾಡಿದಾಗ ನಾನು ಎತ್ತಲಿಲ್ಲ. ನೀನು ಮಾಡಿದ್ದೋ ಅವಳು ಮಾಡಿದ್ದೋ ತಿಳಿಯಲಿಲ್ಲ, ಅದಕ್ಕೆ.

ಎರಡು ಟವೆಲ್ ತೊಳೆದು ಇಟ್ಟಿದ್ದೇನೆ. ಕನ್ನಡಕಕ್ಕೆ ಲೇಸು ಸಿಕ್ಕಿತು. 26ಕ್ಕೆ ಬರುವುದೋ ಬೇಡವೋ ಎಂದಾದರೂ ತಿಳಿಸು.

ಕ.


ಅಕ್ಟೋಬರ್ 2ರಿಂದ 6

ಕಡ್ಡಿ,

ಇದು ಎಡಗೈ. ದಿನಕ್ಕೆ ಐದಾರು ಸಾಲು ಆಗುತ್ತದೆ. ಸೆಪ್ಟೆಂಬರ್ ಪೂರ್ತಿ ಅ ಆ ಇ ಈ ತಿದ್ದಿದೆ.

ಬಲಭುಜ ಹೋಗಿದೆ. ಜುಲೈ 21ರಂದು. ವಾಸಿಯಾಗುತ್ತಿದೆ ಎನ್ನುತ್ತಾರೆ. ಅಮ್ಮನಿಗೆ ಹೇಳಿಲ್ಲ. ನಿನಗೆ ಹೇಳಿದ್ದರೆ ಕ್ಲಾಸು ಬಿಟ್ಟು ಓಡಿಬಂದು ನನ್ನ ಮಂಚದ ತುದಿಯಲ್ಲಿ ಅಳುತ್ತಾ ಕೂರುತ್ತಿದ್ದೆ. ಆ ಕಾಲೇಜಿನಲ್ಲಿ ನೀನು ನಿಲ್ಲಬೇಕಿತ್ತು. ಅದಕ್ಕೇ ಪುರುಸೊತ್ತಿಲ್ಲ ಎಂದೆ.

ಹೇಗಾಯಿತು ಕೇಳು. ದೊಡ್ಡ ಆಫೀಸರ್ ಒಬ್ಬ ಮೂರು ಜನ ಗೆಳೆಯರ ಜೊತೆ ಬಂದ. ಅವರೆಲ್ಲ ದಪ್ಪ, ಇವನೊಬ್ಬ ಸಣ್ಣ. ಅವರೆದುರು ಸಣ್ಣ ಪಟ ಹಿಡಿಯಲು ನಾಚಿಕೆ. ಫಾರಂನಲ್ಲಿ ತೂಕ ಹದಿನೈದು ಕಿಲೋ ಹೆಚ್ಚು ಬರೆದ. ನಾನು ನಂಬಿ ದೊಡ್ಡ ಪಟ ಕೊಟ್ಟೆ. ಕಲಿಸುವವರು ಹಿಂದೆ ನಿಂತು ಸೊಂಟಪಟ್ಟಿಯ ಹಿಡಿ ಹಿಡಿದುಕೊಂಡಿರುತ್ತೇವೆ. ಗಾಳಿ ಒಂದು ಸಲ ಜೋರಾಗಿ ಬೀಸಿತು, ಅವನು ಎದ್ದ. ಕೈ ಬಿಟ್ಟಿದ್ದರೆ ಕಲ್ಲಿನ ಕಟ್ಟೆಗೆ ಬಡಿಯುತ್ತಿದ್ದ. ಬಿಡಲಿಲ್ಲ. ಅವನಿಗೆ ಒಂದು ಗೀರೂ ಆಗಲಿಲ್ಲ. "ತಮಾಷೆಗೆ ಬರೆದಿದ್ದೆ ಮೇಡಂ" ಎಂದ.

ನಿನ್ನ ದಾರ ನನ್ನ ಮೇಜಿನ ಮೇಲಿದೆ. ಅದು ಐವತ್ತೆಂಟು ಕಿಲೋದವಳ ದಾರವಲ್ಲ. ಬಂದ ದಿನವೇ ಗೊತ್ತಾಯಿತು. ನೀನೇ ಹೇಳುತ್ತೀಯ ಎಂದು ಕಾದೆ. ನೀನು ಮತ್ತೆ ಅದನ್ನೇ ಬರೆದೆ.

26ರಂದು ನಿನ್ನ ಬೆನ್ನ ಹಿಂದೆ ಆ ಹಿಡಿ ಹಿಡಿಯಬೇಕಾದವರು ಬಾತು. ನನ್ನ ಕೈಯಲ್ಲಿ ಆಗುವುದಿಲ್ಲ. ಅದಕ್ಕೆ ಪಾಠದ ಪಟ್ಟಿಯಿಂದ ನಿನ್ನ ಹೆಸರು ಹೊಡೆದುಹಾಕಿದ್ದೇನೆ. ತೂಕ ತಪ್ಪು ಬರೆದವರಿಗೆ ಪಾಠವಿಲ್ಲ ಎಂದು ಬಾಗಿಲಲ್ಲೇ ಬೋರ್ಡು ಹಾಕಿದ್ದೇವೆ. ತಂಗಿ ಎಂದು ಬಿಡುವ ಹಾಗಿಲ್ಲ.

ನಿನ್ನ ಹಿಂದಿನ ಪತ್ರ ಅವರಿಗೆ ತೋರಿಸಿಲ್ಲ. ಕೈ ನೋಯುತ್ತಿದೆ.

ಅಕ್ಕ

(ಕವರ್ ಮೇಲೆ ವಿಳಾಸ ಬರೆಯೋಕೆ ಕೊಟ್ಟರು, ಒಳಗೆ ಒಂದು ಚೀಟಿಗೆ ಜಾಗ ಇತ್ತು. ಪುಟ್ಟಾ, ಆ ಪತ್ರ ನಾನು ಓದಿಲ್ಲ. ಅಕ್ಕ ಅದನ್ನ ಮಡಚಿ ದಿಂಬಿನ ಕೆಳಗಿಟ್ಟ ರೀತಿಗೇ ಅರ್ಥ ಆಯ್ತು. ಮೊನ್ನೆ ಫೋನ್ ಇಟ್ಟಾಗ ಪೂರ್ತಿ ಅರ್ಥ ಆಯ್ತು. ನನಗೂ ಇಬ್ಬರು ತಂಗಿಯರಿದ್ದಾರೆ.

ನನಗೆ ಐವತ್ತೊಂದು ವರ್ಷ. ಟೈಲರ್. ಹರಿದ ಪಟಗಳನ್ನ ಹೊಲಿದುಕೊಡೋಕೆ ಬರ್ತಿದ್ದೆ, ಒಂದಿನ ನಾನೂ ಹಾರಿಸ್ತೀನಿ ಅಂದೆ. ತೂಕ ಎಂಬತ್ತಾರು. ಹನ್ನೆರಡರ ಪಟ ಯಾಕೆ ಅಂದ್ರೆ ಅದಕ್ಕಿಂತ ಸಣ್ಣದು ನನ್ನನ್ನ ಅಲ್ಲಾಡಿಸೋದೂ ಇಲ್ಲ. ಬಾತು ಅನ್ನೋ ಹೆಸರು ನಾನೇ ಇಟ್ಕೊಂಡಿದ್ದು, ನಾನು ಮರಳಲ್ಲಿ ನಡೆಯೋದು ನೋಡಿದ್ರೆ ನೀನೂ ಅದನ್ನೇ ಇಡ್ತಿದ್ದೆ. ಅಕ್ಕ ನನ್ನ ಬಗ್ಗೆ ಮರ್ಯಾದೆ ಕೊಟ್ಟೇ ಹೇಳ್ತಿದ್ದರು, ನನ್ನ ಕೈಯಲ್ಲೇ ನನಗೆ ಮರ್ಯಾದೆ ಕೊಟ್ಕೊಳ್ಳೋಕೆ ನಾಚಿಕೆಯಾಗಿ ಅವಳು ಇವಳು ಅಂತ ಬರೆದೆ.

ಬಣ್ಣ ಗೊತ್ತಿಲ್ಲ ಅಂದಿದ್ದು ಅಕ್ಕ ಅಲ್ಲ, ನಾನು ಹೇಳಿದ ಸುಳ್ಳು. ನಿನ್ನ ಜೊತೆ ಮಾತು ಶುರು ಮಾಡೋಕೆ ಬೇರೆ ದಾರಿ ಹೊಳೀಲಿಲ್ಲ. ಅಕ್ಕ ಹೇಳಿದ ಹಸಿರು ಅಂಚನ್ನೇ ಹಾಕಿ ಆಗಲೇ ತಿಂಗಳಾಯ್ತು. ಮೂವತ್ತು ವರ್ಷ ಸೊಂಟ ಅಳೆದವಳು ನಾನು, ದಾರ ಬಿಚ್ಚಿದಾಗಲೇ ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ.)


ಅಕ್ಟೋಬರ್ 11, ಎರಡನೇ ಭಾನುವಾರ

ಅಕ್ಕಾ,

ನಿನ್ನ ಪತ್ರ ನಿನ್ನೆ ಬಂತು. ಎಡಗೈ ಎಂದು ಓದುವ ಮೊದಲೇ, ಕವರ್ ಬಿಚ್ಚಿ ಆ ವಾಲಿದ ಅಕ್ಷರ ನೋಡಿದ ತಕ್ಷಣ ಒಂದು ಕ್ಷಣ ಖುಷಿಯಾಯಿತು. ಬಸ್ಸಿನಲ್ಲಿ ನಿಂತು ಬರೆದಂತಿತ್ತು. ನಾನು ಗೆದ್ದೆ ಎಂದುಕೊಂಡೆ. ಆ ಒಂದು ಕ್ಷಣವನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ, ಆದರೆ ಇನ್ನು ಮೇಲೆ ನಿನಗೆ ಏನನ್ನೂ ಮುಚ್ಚಿಡಬಾರದು ಎಂದು ಅದನ್ನೂ ಬರೆದಿದ್ದೇನೆ.

ತೂಕ ನಲವತ್ತಾರು. ಇವತ್ತು ಬೆಳಗ್ಗೆ, ಚಪ್ಪಲಿ ಬಿಟ್ಟು, ಜೇಬು ಖಾಲಿ ಮಾಡಿ. ಸಿಕ್‌ರೂಮಿನ ನರ್ಸ್ ಹತ್ತಿರ ಎರಡನೇ ಸಲವೂ ನೋಡಿ ಹೇಳಿ ಎಂದೆ. "ಯಾಕಮ್ಮಾ, ಮಾರಾಟಕ್ಕಿದ್ದೀಯಾ?" ಎಂದರು. ಮೊದಲ ಸಲ ಬರೆದಾಗಲೂ ನಲವತ್ತಾರೇ ಇತ್ತು. ತಕ್ಕಡಿ ಎದುರು ನಿಂತು ನಲವತ್ತಾರು ನೋಡಿಕೊಂಡು, ರೂಮಿಗೆ ಬಂದು ಐವತ್ತೆಂಟು ಬರೆದೆ. ಹನ್ನೆರಡರ ಪಟದವಳ ಪಕ್ಕದಲ್ಲಿ ಏಳರ ಪಟ ಹಿಡಿದು ನಿಲ್ಲಬಾರದು, ಅಷ್ಟೇ ತಲೆಯಲ್ಲಿದ್ದದ್ದು. ಹನ್ನೆರಡು ಎಂದರೆ ನಿನಗೆ ಹನ್ನೆರಡರಷ್ಟು ಹತ್ತಿರ ಎಂದುಕೊಂಡಿದ್ದೆ. ಆ ಆಫೀಸರಿಗೂ ನನಗೂ ಏನೂ ವ್ಯತ್ಯಾಸವಿಲ್ಲ. ಅವನಾದರೂ ಗುರುತಿಲ್ಲದವನು.

ದಾರ ಮತ್ತೆ ಕಳಿಸುತ್ತಿಲ್ಲ. ಆ ಕವರಿನಲ್ಲಿ ನಿಜ ಹೇಳಿದ್ದು ಅದೊಂದೇ.

ಫ್ರೆಂಡ್ಸ್ ತುಂಬ ಜನ ಎಂದಿದ್ದೂ ಸುಳ್ಳು. ಇರುವುದು ರೂಮ್‌ಮೇಟ್ ಒಬ್ಬಳು. ನಿನ್ನೆ ಅವಳಿಗೆ ಎಲ್ಲ ಹೇಳಿದೆ. "ಐವತ್ತೊಂದು ವರ್ಷದ ಆಂಟಿ ಮೇಲೆ ಜೆಲಸ್ ಆಗಿದ್ಯಾ? ನಿನಗೆ ಬೇರೆ ಯಾರೂ ಸಿಗಲಿಲ್ವಾ?" ಎಂದು ನಗುತ್ತಾ ಶುರು ಮಾಡಿದವಳು, ನಾನು ಅಳುವುದು ನೋಡಿ ಮೆಸ್ಸಿನಿಂದ ನನ್ನ ತಟ್ಟೆ ರೂಮಿಗೇ ತಂದಳು. ಹಾಗಾಗಿ ಫ್ರೆಂಡ್ ಎನ್ನಬಹುದೇನೋ.

ಹೊಟ್ಟೆಕಿಚ್ಚು ಹೋಯಿತು ಎಂದು ಬರೆಯೋಣ ಎಂದುಕೊಂಡಿದ್ದೆ. ಹೋಗಿಲ್ಲ. ಜಾಗ ಬದಲಾಯಿಸಿದೆ ಅಷ್ಟೇ. ಮೊದಲು ಅವರ ಕೂದಲು, ಅವರ ವಯಸ್ಸು ಎಂದು ನಾನೇ ಕಟ್ಟಿಕೊಂಡು ಉರಿಯುತ್ತಿದ್ದೆ. ಈಗ ಅವರು ಅಲ್ಲಿದ್ದರಲ್ಲ ಎಂದು ಉರಿಯುತ್ತದೆ. ನಿನಗೆ ಕೈ ಎತ್ತಲಾಗದಿದ್ದಾಗ ಅಂಗಿಯ ಗುಂಡಿ ಯಾರು ಹಾಕಿದರು, ಕೂದಲು ಯಾರು ತೊಳೆದರು? ಜುಲೈ 21ರಂದು ನಾನು ಏನು ಮಾಡುತ್ತಿದ್ದೆ ಎಂದು ಡೈರಿ ತೆಗೆದು ನೋಡಿದೆ. ಐಡಿ ಕಾರ್ಡಿನಲ್ಲಿ ನನ್ನ ಫೋಟೋ ಚೆನ್ನಾಗಿ ಬಂದಿಲ್ಲ ಎಂದು ಅತ್ತಿದ್ದೆ. ಒಂದೂವರೆ ಪುಟ ಬರೆದಿದ್ದೇನೆ ಅದರ ಬಗ್ಗೆ.

ಈ ಪತ್ರ ಅವರಿಗೆ ತೋರಿಸು. ಸೆಪ್ಟೆಂಬರ್ 13ರದ್ದನ್ನೂ ತೋರಿಸು. ಓದಿದ ಮೇಲೂ ನನ್ನ ಬೆನ್ನ ಹಿಂದೆ ನಿಂತು ಆ ಹಿಡಿ ಹಿಡಿಯಲು ಅವರಿಗೆ ಮನಸ್ಸಿದ್ದರೆ ಮಾತ್ರ ನನ್ನ ಹೆಸರು ಮತ್ತೆ ಹಾಕು. ಇಲ್ಲವಾದರೆ ಪಾಠ ಬೇಡ, ದಡದಲ್ಲಿ ನಿಂತು ಪಟ ಮಡಚುತ್ತೇನೆ, ಮರಳು ಕೊಡವುತ್ತೇನೆ. ಪಾಠ ಕೊಡುವುದಾದರೆ ಏಳರದ್ದೇ ಕೊಡು. ಅದಕ್ಕಿಂತ ಸಣ್ಣದಾದರೂ ಸರಿ.

ಸೀಟಿ ಅವರ ಹತ್ತಿರವೇ ಇರಲಿ. ನೀರಿಗಿಳಿದು ಕಲಿಸುವವರಿಗೆ ತಾನೆ ಅದು ಬೇಕಾಗಿರುವುದು.

ಬ್ಯಾಗು ಕಟ್ಟಿದ್ದೇನೆ. ಉದ್ದ ತೋಳಿನ ಅಂಗಿ, ಎರಡು ಟವೆಲ್, ಸನ್‌ಸ್ಕ್ರೀನ್, ಒಣ ಬಟ್ಟೆ, ಒಳಬಟ್ಟೆ (ಮರೆತಿಲ್ಲ ಎಂದು ಅವರಿಗೆ ಹೇಳು). ಉಗುರು ಕತ್ತರಿಸಿದೆ. ನಿನ್ನ ಲಿಸ್ಟಿನಲ್ಲಿ ಇಲ್ಲದ್ದು ಒಂದನ್ನು ಹಾಕಿದ್ದೇನೆ, ಬಾಚಣಿಗೆ. ಬಿಗಿಯಾಗಿ ಜಡೆ ಹಾಕುವುದು ನನಗೂ ಬರುತ್ತದೆ. ಎಂಟು ವರ್ಷ ಬೆಂಚಿನ ಮೇಲೆ ಕೂತು ಬೆನ್ನಿನಿಂದಲೇ ಕಲಿತಿದ್ದೇನೆ. ಆ ಹತ್ತು ದಿನ ಬೆಳಗ್ಗೆ ನಿನ್ನ ಜಡೆ ನನಗೆ ಬಿಟ್ಟುಕೊಡಲು ಅವರನ್ನು ಕೇಳು. ಹತ್ತೇ ದಿನ. ಆಮೇಲೆ ಅವರದ್ದೇ.

24ಕ್ಕೆ ಮಧ್ಯಾಹ್ನದ ಬಸ್ಸಿದೆ. ಬರಲಾ, ಬೇಡವಾ? ನಿನ್ನ ಕೈಗೆ ತೊಂದರೆ ಕೊಡಬೇಡ, ಅವರ ಅಕ್ಷರದಲ್ಲೇ ಬರೆಸು. ಬೇಗ ಉತ್ತರ ಕಳಿಸು.

ಕಡ್ಡಿ